ಮುರಿದ ಮಣಿಕಟ್ಟು ಮತ್ತು ಎರಡೂವರೆ ವರ್ಷದ ಕಡತ: ದಾವಣಗೆರೆಯ ಅಪಘಾತ ಪರಿಹಾರ ವಕೀಲರೊಬ್ಬರ ಸೇವೆಯ ವಿಮರ್ಶೆ

ಮೋಟಾರು ವಾಹನ ಅಪಘಾತ ಪರಿಹಾರದ ಪ್ರಕರಣಗಳನ್ನು ನಡೆಸುವ ದಾವಣಗೆರೆಯ ವಕೀಲರೊಬ್ಬರ ಸೇವೆಯನ್ನು ನಾನು 2023ರ ಫೆಬ್ರವರಿಯಿಂದ 2025ರ ಕೊನೆಯವರೆಗೆ ಪಡೆದೆ. ಆ ಸೇವೆ ಹೇಗಿತ್ತು, ಎಲ್ಲಿ ನನ್ನನ್ನು ಕಾಯ್ದಿತು, ಎಲ್ಲಿ ಕೊರತೆಯಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರನ್ನು ಬರೆಯುತ್ತಿಲ್ಲ. ವಕೀಲರು ತಮ್ಮ ವೃತ್ತಿಗೆ ಜಾಹೀರಾತು ಮಾಡಿಕೊಳ್ಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಹೆಸರು ಬರೆದರೆ ನನ್ನ ಮೆಚ್ಚುಗೆಯೇ ಅವರಿಗೆ ತೊಡಕಾದೀತು. ಹೆಸರಿಲ್ಲದಿದ್ದರೂ ಈ ವಿಮರ್ಶೆ ಉಪಯೋಗಕ್ಕೆ ಬರುತ್ತದೆಂದು ನಂಬಿದ್ದೇನೆ. ಇಂಥ ಪ್ರಕರಣಕ್ಕೆ ವಕೀಲರನ್ನು ಆರಿಸುವಾಗ ಏನನ್ನು ನೋಡಬೇಕೆಂಬುದು ನನಗೆ ಆಗ ಗೊತ್ತಿರಲಿಲ್ಲ, ತಿಳಿಸುವವರೂ ಇರಲಿಲ್ಲ.

ನನ್ನದು ಒಂದು ಸಣ್ಣ ಮುದ್ರಣಾಲಯ. ಲಗ್ನಪತ್ರಿಕೆ, ಕರಪತ್ರ, ಅಂಗಡಿಗಳ ಬಿಲ್ ಪುಸ್ತಕ ಇವೇ ನನ್ನ ಕಸುಬು. ಒಬ್ಬ ಸಹಾಯಕನನ್ನು ಬಿಟ್ಟರೆ ಯಂತ್ರದ ಮುಂದೆ ನಿಲ್ಲುವವನು ನಾನೇ. ಮುಂಜಾನೆ ಹದಡಿ ರಸ್ತೆಯಲ್ಲಿ ಒಂದಷ್ಟು ದೂರ ಸೈಕಲ್ ತುಳಿದು ಬಂದು ಪ್ರೆಸ್ಸಿನ ಬಾಗಿಲು ತೆಗೆಯುವುದು ಹತ್ತು ವರ್ಷದ ರೂಢಿಯಾಗಿತ್ತು. ಅಪಘಾತವಾದಾಗ ನನಗೆ 43 ವರ್ಷ. ಅಂದು ಬೆಳಿಗ್ಗೆ ಆರೂವರೆಯ ಹೊತ್ತಿಗೆ ರಸ್ತೆಯ ಎಡ ಅಂಚಿನಲ್ಲಿ ಹೋಗುತ್ತಿದ್ದ ನನ್ನನ್ನು ಒಂದು ಕಾರು ಹಿಂದಿನಿಂದ ಬಂದು ದಾಟಿತು. ದಾಟಿದ ಮರುಕ್ಷಣವೇ ಯಾವ ಸೂಚನೆಯನ್ನೂ ಕೊಡದೆ ಎಡಗಡೆಯ ಅಡ್ಡರಸ್ತೆಗೆ ತಿರುಗಿತು. ಕಾರಿನ ಎಡಬದಿಗೆ ಬಡಿದು ಬಿದ್ದಾಗ ಬಲಗೈಯನ್ನು ನೆಲಕ್ಕೆ ಊರಿದೆ. ಮಣಿಕಟ್ಟಿನ ಬಳಿ ಮೂಳೆ ಹಲವು ತುಂಡಾಗಿತ್ತು. ಮಾರನೆಯ ದಿನ ಪ್ಲೇಟು, ಸ್ಕ್ರೂಗಳನ್ನು ಹಾಕಿ ಶಸ್ತ್ರಚಿಕಿತ್ಸೆ ಮಾಡಿದರು.

ಕಾರಿನವರು ಓಡಿಹೋಗಲಿಲ್ಲ ಎಂಬುದನ್ನು ಮರೆಮಾಚದೆ ಹೇಳಬೇಕು. ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ದರು. ಆದರೆ ಹಾಸಿಗೆಯ ಪಕ್ಕದಲ್ಲಿ ಕುಳಿತು, "ಕೇಸು ಗೀಸು ಬ್ಯಾಡ್ರಿ, ಆಸ್ಪತ್ರೆ ಖರ್ಚೆಲ್ಲಾ ನಾನೇ ಕೊಡ್ತೀನಿ" ಎಂದರು. ನಾನೂ ನನ್ನ ಹೆಂಡತಿಯೂ ಒಪ್ಪಿದೆವು. ಮುಂಗಡವಾಗಿ ಸ್ವಲ್ಪ ಹಣ ಕಟ್ಟಿದವರು ಮೂರನೆಯ ದಿನದಿಂದ ಫೋನ್ ಎತ್ತುವುದನ್ನು ನಿಲ್ಲಿಸಿದರು. ನಾಲ್ಕನೆಯ ದಿನ ಹೆಂಡತಿಯ ತಮ್ಮ ಠಾಣೆಗೆ ಹೋಗಿ ದೂರು ಕೊಟ್ಟ. ಆ ನಾಲ್ಕು ದಿನಗಳ ತಡ ಮುಂದೆ ಎರಡು ವರ್ಷ ನಮ್ಮನ್ನು ಕಾಡಿತು.

ವಕೀಲರನ್ನು ಹುಡುಕುವ ಮೊದಲೇ ನಮ್ಮನ್ನು ಹುಡುಕಿಕೊಂಡು ಬಂದವರೊಬ್ಬರಿದ್ದರು. ಶಸ್ತ್ರಚಿಕಿತ್ಸೆಯ ಮರುದಿನ ವಾರ್ಡಿಗೆ ಬಂದ ಆ ವ್ಯಕ್ತಿ ತಾನು ವಕೀಲರ ಕಡೆಯವನೆಂದು ಹೇಳಿ, ಎಲ್ಲ ಖರ್ಚನ್ನೂ ತಾವೇ ಹಾಕಿಕೊಂಡು ಪ್ರಕರಣ ನಡೆಸುವುದಾಗಿಯೂ ಬಂದ ಪರಿಹಾರದಲ್ಲಿ ನೂರಕ್ಕೆ ಮೂವತ್ತು ತಮಗೆ ಕೊಟ್ಟರೆ ಸಾಕೆಂದೂ ಹೇಳಿ, ಏನೂ ಬರೆಯದ ಎರಡು ಹಾಳೆಗಳನ್ನು ಹೆಂಡತಿಯ ಮುಂದಿಟ್ಟ. ಕೈಯಲ್ಲಿ ದುಡ್ಡಿಲ್ಲದ, ನೋವಿನಲ್ಲಿರುವ ಕುಟುಂಬಕ್ಕೆ ಅದು ದೇವರು ಬಂದ ಹಾಗೆ ಕಾಣುತ್ತದೆ. ಹೆಬ್ಬೆರಳಿನ ಗುರುತನ್ನಾದರೂ ಒತ್ತಿ ಎಂದು ಒತ್ತಾಯಿಸಿದ್ದರಿಂದಲೇ ಆಕೆಗೆ ಅನುಮಾನ ಬಂದು ಕಳುಹಿಸಿಬಿಟ್ಟಳು. ಫಲಿತಾಂಶವನ್ನು ಅವಲಂಬಿಸಿದ ಶುಲ್ಕವನ್ನು ಗೊತ್ತುಮಾಡಿಕೊಳ್ಳುವುದಾಗಲಿ, ಬಂದ ಹಣದಲ್ಲಿ ಪಾಲು ಪಡೆಯುವುದಾಗಲಿ ವಕೀಲರಿಗೆ ನಿಷಿದ್ಧವೆಂಬುದು ವಕೀಲರ ಪರಿಷತ್ತಿನ ನಿಯಮಗಳಲ್ಲೇ ಇದೆ ಎಂದು ನನಗೆ ಆಮೇಲೆ ತಿಳಿಯಿತು. ನನಗೆ ಅದನ್ನು ತಿಳಿಸಿದವರು ನಾನು ಈಗ ವಿಮರ್ಶಿಸುತ್ತಿರುವ ವಕೀಲರೇ.

ಅವರ ಕಚೇರಿಗೆ ಮೊದಲ ಸಲ ಹೋದಾಗ ನಾನು ನಿರೀಕ್ಷಿಸಿದ್ದು ಎಷ್ಟು ಪರಿಹಾರ ಬರುತ್ತದೆ ಎಂಬ ಅಂದಾಜನ್ನು. ಅವರು ಆ ಮಾತನ್ನೇ ಎತ್ತಲಿಲ್ಲ. ಎಕ್ಸ್‌ರೇಗಳನ್ನು ಒಂದು ಬದಿಗಿಟ್ಟು, "ಈ ಕೈಯಲ್ಲಿ ನೀವು ಪ್ರೆಸ್ಸಿನಲ್ಲಿ ಏನೇನು ಮಾಡ್ತಿದ್ರಿ, ಒಂದೊಂದಾಗಿ ಹೇಳ್ರಿ ಸರ್" ಎಂದರು. ಕಾಗದದ ರೀಮುಗಳನ್ನು ಎತ್ತುವುದು, ಪ್ಲೇಟನ್ನು ಸಿಲಿಂಡರಿಗೆ ಬಿಗಿಯುವುದು, ಕಟಿಂಗ್ ಯಂತ್ರದಲ್ಲಿ ಕಾಗದದ ಕಟ್ಟನ್ನು ಅದುಮಿ ಹಿಡಿಯುವುದು, ಶಾಯಿ ಕಲಸುವುದು, ಬಿಲ್ ಪುಸ್ತಕಕ್ಕೆ ಹೊಲಿಗೆ ಹಾಕುವುದು ಹೀಗೆ ನಾನು ಹೇಳುತ್ತ ಹೋದೆ. ಅವರ ಕಿರಿಯ ಸಹಾಯಕಿ ಎರಡು ಪುಟ ಬರೆದುಕೊಂಡರು. ವಕೀಲರು ತಮ್ಮ ಕಕ್ಷಿದಾರನ ಕಸುಬನ್ನು ಇಷ್ಟು ವಿವರವಾಗಿ ಕೇಳುವುದು ಶಿಷ್ಟಾಚಾರಕ್ಕಿರಬಹುದೆಂದು ಅಂದು ಅಂದುಕೊಂಡಿದ್ದೆ. ನನ್ನ ಪ್ರಕರಣ ನಿಂತದ್ದು ಆ ಎರಡು ಪುಟಗಳ ಮೇಲೆ.

ಇದರ ಹಿನ್ನೆಲೆಯನ್ನು ಅವರು ಆಮೇಲೆ ವಿವರಿಸಿದರು. ವೈದ್ಯರು ಪ್ರಮಾಣಪತ್ರದಲ್ಲಿ ಬರೆಯುವ ಅಂಗವೈಕಲ್ಯದ ಶೇಕಡಾವಾರು ಬೇರೆ, ಆ ಊನದಿಂದ ವ್ಯಕ್ತಿಯ ದುಡಿಮೆಗೆ ಆಗುವ ನಷ್ಟದ ಶೇಕಡಾವಾರು ಬೇರೆ. ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ತಿಳಿಯಾಗಿ ಬಿಡಿಸಿ ಹೇಳಿದೆ. ಎಡಗೈ ಕಳೆದುಕೊಂಡವನು ಚಾಲಕನೋ ಬಡಗಿಯೋ ಆಗಿದ್ದರೆ ಅವನ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದಂತೆಯೇ. ಸರ್ಕಾರಿ ಗುಮಾಸ್ತನಾಗಿದ್ದರೆ ಹಾಗಾಗಬೇಕೆಂದಿಲ್ಲ. ಹಾಗಾಗಿ ಗಾಯಾಳು ಮೊದಲು ಏನು ಮಾಡುತ್ತಿದ್ದ, ಈಗ ಏನು ಮಾಡಬಲ್ಲ, ಏನು ಮಾಡಲಾರ ಎಂಬುದನ್ನು ಸಾಕ್ಷ್ಯದಿಂದ ತೋರಿಸಬೇಕು. ಅದನ್ನು ತೋರಿಸದಿದ್ದರೆ ಪರಿಹಾರವನ್ನು ತೀರ್ಮಾನಿಸುವ ನ್ಯಾಯಮಂಡಳಿಯ ಮುಂದೆ ಉಳಿಯುವುದು ಪ್ರಮಾಣಪತ್ರದ ಒಂದು ಅಂಕಿ ಮಾತ್ರ. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಒಳ್ಳೆಯ ವಕೀಲರನ್ನು ಗುರುತಿಸುವ ಬಗೆ ಇದೇ: ಮೊದಲ ಭೇಟಿಯಲ್ಲಿ ಅವರು ಕೇಳುವ ಪ್ರಶ್ನೆ ಮೊತ್ತದ ಬಗ್ಗೆಯೇ, ಕೆಲಸದ ಬಗ್ಗೆಯೇ ಎಂಬುದನ್ನು ಗಮನಿಸಬೇಕು.

ಶುಲ್ಕವನ್ನೂ ಅಂದೇ ಗೊತ್ತುಮಾಡಿದರು. ಒಟ್ಟು 35,000 ರೂಪಾಯಿ, ಅರ್ಜಿ ದಾಖಲಿಸುವಾಗ ಒಂದು ಭಾಗ, ಸಾಕ್ಷ್ಯ ಮುಗಿದಾಗ ಒಂದು ಭಾಗ, ವಾದದ ವೇಳೆಗೆ ಉಳಿದದ್ದು. ನಕಲು, ಸಮನ್ಸು, ವೈದ್ಯರ ಸಾಕ್ಷ್ಯ ಮುಂತಾದವುಗಳ ಖರ್ಚು ಬೇರೆ. ಕೊಟ್ಟ ಪ್ರತಿ ಕಂತಿಗೂ ರಸೀದಿ ಬಂತು. ಮೂರನೆಯ ಕಂತಿಗೆ ನಾನು ಎರಡು ತಿಂಗಳು ತಡಮಾಡಿದಾಗ ಕೆಲಸ ನಿಲ್ಲಲಿಲ್ಲ, ಒಂದು ಮಾತನ್ನೂ ಆಡಲಿಲ್ಲ. ಇದನ್ನು ಕೃತಜ್ಞತೆಯಿಂದ ನೆನೆಯುತ್ತೇನೆ.

ಕಾಗದಪತ್ರಗಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅವರ ಕೆಲಸದ ಸತ್ವವೆಲ್ಲ ಅಲ್ಲಿದೆ. ಎಫ್‌ಐಆರ್, ಸ್ಥಳ ಮಹಜರು, ಸ್ಥಳದ ನಕ್ಷೆ, ಗಾಯದ ಪ್ರಮಾಣಪತ್ರ, ಮೋಟಾರು ವಾಹನ ನಿರೀಕ್ಷಕರ ವರದಿ, ದೋಷಾರೋಪಣ ಪಟ್ಟಿ ಇಷ್ಟೂ ದಾಖಲೆಗಳ ದೃಢೀಕೃತ ನಕಲನ್ನು ತರಿಸಿ ಒಂದೊಂದನ್ನೂ ನನ್ನ ಎದುರಿಗೆ ಓದಿದರು. ಹಾಗೆ ಓದುತ್ತಿರುವಾಗಲೇ ಆಸ್ಪತ್ರೆಯ ದಾಖಲೆಯಲ್ಲಿ ಒಂದು ಸಾಲು ಸಿಕ್ಕಿತು: "ಸೈಕಲ್ಲಿನಿಂದ ಬಿದ್ದು ಗಾಯ". ಅಂದು ಬೆಳಿಗ್ಗೆ ತುರ್ತು ಘಟಕದಲ್ಲಿ ನಾನು ನೋವಿನಿಂದ ನರಳುತ್ತಿದ್ದಾಗ ವಿವರ ಹೇಳಿದವರು ಕಾರಿನವರು. ತಮ್ಮ ಕಾರಿನ ಹೆಸರನ್ನೇ ಅವರು ಎತ್ತಿರಲಿಲ್ಲ, ಬರೆದುಕೊಂಡವರೂ ನನ್ನನ್ನು ಕೇಳಿರಲಿಲ್ಲ. ನಾಲ್ಕು ದಿನ ತಡವಾದ ದೂರು, ತಾನಾಗಿ ಬಿದ್ದನೆಂಬ ದಾಖಲೆ ಎರಡೂ ಸೇರಿದರೆ ಪರಿಹಾರ ಕೊಡಬೇಕಾದ ಕಾರಿನ ವಿಮಾ ಕಂಪನಿಗೆ ಬೇರೆ ಆಯುಧವೇ ಬೇಕಿಲ್ಲ. ವಿಮೆ ಇರುವ ಯಾವುದೋ ಕಾರನ್ನು ತಂದು ಸುಳ್ಳು ಪ್ರಕರಣ ಹೂಡಿದ್ದಾರೆ ಎಂದು ಅವರ ತಕರಾರಿನಲ್ಲಿ ಬಂದೇ ಬಂತು. ಪ್ರಾಮಾಣಿಕವಾಗಿ ಬದುಕಿದವನಿಗೆ ಆ ವಾಕ್ಯವನ್ನು ಓದುವುದು ಮೂಳೆ ಮುರಿದದ್ದಕ್ಕಿಂತ ಹೆಚ್ಚಿನ ನೋವು.

ಅದೇ ಆಸ್ಪತ್ರೆಯ ಕಡತವನ್ನು ವಕೀಲರು ಪೂರ್ತಿ ತರಿಸಿ, ದಾಖಲಾತಿ ನಮೂನೆಯ ಕೆಳಗೆ "ಜೊತೆಗೆ ಬಂದವರು" ಎಂಬ ಕಲಮಿನಲ್ಲಿ ಕಾರಿನ ಮಾಲೀಕರ ಹೆಸರು, ಸಹಿ, ಮೊಬೈಲ್ ಸಂಖ್ಯೆ ಇರುವುದನ್ನು ಕಂಡುಹಿಡಿದರು. ಸಮಯ ಬೆಳಿಗ್ಗೆ 6.50. ನಾನು ನಾನಾಗಿಯೇ ಬಿದ್ದಿದ್ದರೆ, ನನಗೆ ಪರಿಚಯವೇ ಇಲ್ಲದ, ಊರಿನ ಇನ್ನೊಂದು ಭಾಗದಲ್ಲಿ ವಾಸವಿರುವ ಒಬ್ಬರು ಅಷ್ಟು ಹೊತ್ತಿಗೆ ಆಸ್ಪತ್ರೆಯಲ್ಲಿ ನನ್ನ ಪರವಾಗಿ ಸಹಿ ಹಾಕಿದ್ದು ಹೇಗೆ? ಇದರ ಜೊತೆಗೆ ವಾಹನ ನಿರೀಕ್ಷಕರ ವರದಿಯಲ್ಲಿ ಕಾರಿನ ಎಡಗಡೆಯ ಕನ್ನಡಿ ಮುರಿದಿರುವುದೂ ಎಡ ಮುಂಬಾಗಿಲಿನಲ್ಲಿ ಗೀರು ಬಿದ್ದಿರುವುದೂ ನಮೂದಾಗಿತ್ತು. ಸೈಕಲ್ ಸವಾರನೇ ಎಡದಿಂದ ನುಗ್ಗಿ ದಾಟಲು ಹೋದನೆಂಬ ಅವರ ಇನ್ನೊಂದು ವಾದಕ್ಕೆ, ಅಡ್ಡರಸ್ತೆಯ ಬಾಯಲ್ಲೇ ಗುರುತು ಹಾಕಿದ್ದ ಸ್ಥಳದ ನಕ್ಷೆಯೂ ಆ ಬೆಳಿಗ್ಗೆ ಹಾಲು ಹಾಕುತ್ತಿದ್ದವರ ಸಾಕ್ಷ್ಯವೂ ಉತ್ತರವಾದವು. ಆಸ್ಪತ್ರೆಯ ದಾಖಲೆ ವಿಭಾಗದವರನ್ನು ಸಮನ್ಸು ಮೂಲಕ ಕರೆಸಿ, ಆ ನಮೂನೆಯ ಮೂಲಪ್ರತಿಯನ್ನೇ ಸಾಕ್ಷ್ಯವಾಗಿ ಗುರುತು ಮಾಡಿಸಿದರು. ಎದುರು ಪಕ್ಷದ ಆಧಾರವಾಗಿದ್ದ ಕಡತದಿಂದಲೇ ನಮ್ಮ ಆಧಾರವನ್ನು ತೆಗೆದ ಈ ಶ್ರದ್ಧೆಗಾಗಿಯೇ ನಾನು ಅವರಿಗೆ ಪೂರ್ಣ ಅಂಕ ಕೊಡುತ್ತೇನೆ. ಓದುಗರಲ್ಲಿ ನನ್ನದೊಂದು ವಿನಂತಿ: ಗಾಯಾಳುವಿನ ಜೊತೆ ಆಸ್ಪತ್ರೆಗೆ ಹೋದವರು, ತುರ್ತು ಘಟಕದ ರಿಜಿಸ್ಟರಿನಲ್ಲಿ ಏನು ಬರೆದರು ಎಂಬುದನ್ನು ಅಲ್ಲೇ ನಿಂತು ಓದಿ, ವಾಹನದ ಸಂಖ್ಯೆಯನ್ನು ಅದರಲ್ಲಿ ಬರೆಸಿ.

ಅವಧಿಯ ವಿಷಯದಲ್ಲೂ ಅವರು ನನ್ನನ್ನು ಕಾಪಾಡಿದರು. ಅಪಘಾತ ಪರಿಹಾರದ ಅರ್ಜಿಯನ್ನು ಯಾವಾಗ ಬೇಕಾದರೂ ಹಾಕಬಹುದು ಎಂಬ ಮಾತು ನಮ್ಮ ಕಡೆ ಇನ್ನೂ ಚಾಲ್ತಿಯಲ್ಲಿದೆ. ಹಿಂದೆ ಅದು ನಿಜವೂ ಆಗಿತ್ತು. 1994ರ ತಿದ್ದುಪಡಿಯಲ್ಲಿ ಕಾಲಮಿತಿಯನ್ನು ತೆಗೆದುಹಾಕಿದ್ದರು. ಆದರೆ 2019ರ ತಿದ್ದುಪಡಿಯು 1988ರ ಮೋಟಾರು ವಾಹನ ಕಾಯ್ದೆಯ 166ನೆಯ ಕಲಮಿಗೆ ಕಾಲಮಿತಿಯನ್ನು ಮರಳಿ ಸೇರಿಸಿತು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆ ನಿಯಮದ ಪ್ರಕಾರ ಅಪಘಾತದ ದಿನದಿಂದ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಪ್ಲಾಸ್ಟರು ಬಿಚ್ಚಿ, ಫಿಸಿಯೋಥೆರಪಿ ಮುಗಿಸಿ, ಕೈ ಸರಿಹೋಗುತ್ತದೋ ಇಲ್ಲವೋ ನೋಡಿಕೊಂಡು ಆಮೇಲೆ ಹೋಗೋಣ ಎಂಬುದು ನನ್ನ ಯೋಚನೆಯಾಗಿತ್ತು. ಅವರು ಕೇಳಲಿಲ್ಲ. 2023ರ ಜೂನ್‌ನಲ್ಲೇ, ಅಂದರೆ ನಾಲ್ಕು ತಿಂಗಳು ತುಂಬುತ್ತಿದ್ದಂತೆ, ದಾವಣಗೆರೆಯ ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅರ್ಜಿ ದಾಖಲಿಸಿ ಎಂ.ವಿ.ಸಿ. ಸಂಖ್ಯೆಯನ್ನು, ಅಂದರೆ ಪ್ರಕರಣದ ಸಂಖ್ಯೆಯನ್ನು, ನನ್ನ ಕೈಗಿತ್ತರು. ಪೊಲೀಸರು 48 ಗಂಟೆಯಲ್ಲಿ ಮೊದಲ ವರದಿಯನ್ನೂ 90 ದಿನಗಳಲ್ಲಿ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕಳುಹಿಸಬೇಕೆಂಬ ನಿಯಮವೂ ಅದೇ ದಿನದಿಂದ ಜಾರಿಯಲ್ಲಿದೆ, ಆ ವರದಿಯನ್ನೇ ಅರ್ಜಿಯೆಂದು ಪರಿಗಣಿಸಲೂ ಅವಕಾಶವಿದೆ. ಆದರೆ ಇನ್ನೊಬ್ಬರ ವರದಿಯನ್ನು ನೆಚ್ಚಿಕೊಂಡು ಕೂರಬಾರದೆಂಬುದು ಅವರ ನಿಲುವು, ಅದು ಸರಿಯಾಗಿತ್ತು.

ಅಪಘಾತ ನಡೆದ ಊರಿನಲ್ಲೇ ಅರ್ಜಿ ಹಾಕಬೇಕೆಂದಿಲ್ಲ. ಅರ್ಜಿದಾರರು ವಾಸವಿರುವ ಅಥವಾ ವ್ಯಾಪಾರ ನಡೆಸುವ ಊರಿನ ನ್ಯಾಯಮಂಡಳಿಯಲ್ಲೂ ಹಾಕಬಹುದು. ಚಿತ್ರದುರ್ಗದ ಹತ್ತಿರ ಹೆದ್ದಾರಿಯಲ್ಲಿ ಗಾಯಗೊಂಡ ದಾವಣಗೆರೆಯವರು ಪ್ರತಿ ವಾಯಿದೆಗೂ ಅಲ್ಲಿಗೆ ಓಡಾಡಬೇಕಾಗಿಲ್ಲ.

ಆದಾಯದ ರುಜುವಾತಿನಲ್ಲಿ ಅವರು ಪಟ್ಟ ಶ್ರಮವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಸ್ವಂತ ಕಸುಬಿನವರೆಲ್ಲ ಸೋಲುವುದು ಇಲ್ಲಿಯೇ. ಬ್ಯಾಂಕ್ ಸಾಲಕ್ಕೆಂದು ನಾನು ಎರಡು ವರ್ಷ ಆದಾಯ ತೆರಿಗೆಯ ವಿವರ ಸಲ್ಲಿಸಿದ್ದೆ. ವರ್ಷಕ್ಕೆ 2,40,000 ರೂಪಾಯಿ ತೋರಿಸಿದ್ದೆ. ನಿಜವಾದ ದುಡಿಮೆ ಅದಕ್ಕಿಂತ ಹೆಚ್ಚಿತ್ತೆಂದು ಹೇಳಿಕೊಂಡರೆ ಅವರು ಒಪ್ಪಲಿಲ್ಲ. ಸಹಿ ಮಾಡಿ ಸರ್ಕಾರಕ್ಕೆ ಕೊಟ್ಟ ಲೆಕ್ಕಕ್ಕೆ ವಿರುದ್ಧವಾಗಿ ಸಾಕ್ಷಿಕಟ್ಟೆಯಲ್ಲಿ ಮಾತಾಡಿದರೆ ಉಳಿದ ಮಾತೂ ಬಿದ್ದುಹೋಗುತ್ತದೆಂದು ಖಂಡಿತವಾಗಿ ಹೇಳಿದರು. ಆದರೆ ಪ್ರೆಸ್ಸಿನ ಆರ್ಡರ್ ಪುಸ್ತಕವನ್ನು ತರಿಸಿಕೊಂಡು, ಹಿಂದಿನ ವರ್ಷಗಳ ಮಾಘ, ಫಾಲ್ಗುಣ, ವೈಶಾಖದ ಲಗ್ನಪತ್ರಿಕೆಗಳ ಆರ್ಡರುಗಳನ್ನೂ ಅಪಘಾತದ ನಂತರದ ಖಾಲಿ ಹಾಳೆಗಳನ್ನೂ ಪಕ್ಕಪಕ್ಕ ಇಟ್ಟು ತೋರಿಸುವಂತೆ ಮಾಡಿದರು. ಯಂತ್ರ ನಡೆಸಲು ನಾನು ಆಮೇಲೆ ನೇಮಿಸಿಕೊಂಡ ಹುಡುಗನ ಸಂಬಳದ ಚೀಟಿಗಳೂ ಸೇರಿದವು. ಮೂರು ತಿಂಗಳು ಪ್ರೆಸ್ಸು ಮುಚ್ಚಿದ್ದು, ಅದೂ ಲಗ್ನದ ಹಂಗಾಮಿನಲ್ಲಿ ಮುಚ್ಚಿದ್ದು, ಏನೆಂದು ಆ ಪುಸ್ತಕದ ಹಾಗೆ ನನ್ನ ಬಾಯಿಂದ ಹೇಳಲು ಆಗುತ್ತಿರಲಿಲ್ಲ.

ಇನ್ನು ಕೊರತೆಗಳು. ವಾಯಿದೆಯ ದಿನಗಳನ್ನು ತಿಳಿಸುವುದರಲ್ಲಿ ಅವರ ಕಚೇರಿ ಬಹಳ ಹಿಂದೆ. ನಾಲ್ಕು ಸಲ ಕರೆ ಮಾಡಿದರೆ ಒಂದು ಸಲ ಸಿಗುತ್ತಿದ್ದರು. ಸಿಕ್ಕಾಗಲೂ ಗುಮಾಸ್ತರು "ಇನ್ನೊಂದು ವಾರ ಬಿಟ್ಟು ಮಾಡ್ರಿ" ಎನ್ನುತ್ತಿದ್ದರು. ಒಮ್ಮೆ ಪ್ರೆಸ್ಸು ಮುಚ್ಚಿ ಬೆಳಿಗ್ಗೆಯೇ ನ್ಯಾಯಾಲಯಕ್ಕೆ ಹೋಗಿ ಮಧ್ಯಾಹ್ನದವರೆಗೆ ಕಾಯ್ದ ಮೇಲೆ, ಅಂದು ನನ್ನ ಪ್ರಕರಣ ಪಟ್ಟಿಯಲ್ಲೇ ಇಲ್ಲವೆಂದು ತಿಳಿಯಿತು. ಇ-ಕೋರ್ಟ್ಸ್ ಆ್ಯಪಿನಲ್ಲಿ ಪ್ರತಿ ಪ್ರಕರಣಕ್ಕೂ ಇರುವ ಸಿ.ಎನ್.ಆರ್. ಸಂಖ್ಯೆಯನ್ನು ಹಾಕಿದರೆ ಮುಂದಿನ ವಾಯಿದೆ, ಹಿಂದಿನ ದಿನದ ಆದೇಶ ಎಲ್ಲವೂ ಕಾಣುತ್ತದೆ ಎಂಬುದನ್ನು ನನಗೆ ಕಲಿಸಿದವನು ಕಾಲೇಜು ಓದುವ ನನ್ನ ಮಗ. ಆ ಮಾಹಿತಿಯನ್ನು ಮೊದಲ ದಿನವೇ ಕಚೇರಿಯವರು ಕೊಡಬಹುದಾಗಿತ್ತು, ಅವರ ಫೋನಿನ ಹೊರೆಯೂ ಇಳಿಯುತ್ತಿತ್ತು.

ಎರಡನೆಯ ಕೊರತೆ ಸೈಕಲ್ಲಿನದು. ಚೌಕಟ್ಟು ಬಾಗಿ, ಮುಂದಿನ ಗಾಲಿ ನುಚ್ಚಾಗಿದ್ದ ನನ್ನ ಸೈಕಲ್ಲನ್ನು 28,000 ರೂಪಾಯಿಗೆ ಕೊಂಡಿದ್ದೆ. ಮೂರನೆಯ ವ್ಯಕ್ತಿಯ ಆಸ್ತಿಗೆ ಆದ ಹಾನಿಯನ್ನೂ ಇದೇ ನ್ಯಾಯಮಂಡಳಿಯಲ್ಲಿ ಕೇಳಬಹುದು. ಮೊದಲ ಅರ್ಜಿಯಲ್ಲಿ ಅದು ಬಿಟ್ಟುಹೋಗಿತ್ತು. ನಾನೇ ಕೇಳಿದ ಮೇಲೆ ತಿದ್ದುಪಡಿ ಹಾಕಿದರು. ಅಷ್ಟರಲ್ಲಿ ಕೊಂಡ ಬಿಲ್ಲು ಎಲ್ಲಿಯೋ ಕಳೆದಿತ್ತು, ಠಾಣೆಯಿಂದ ಬಿಡಿಸಿಕೊಂಡ ಸೈಕಲ್ಲಿನ ಫೋಟೋಗಳನ್ನೂ ಸರಿಯಾಗಿ ತೆಗೆಸಿರಲಿಲ್ಲ. ಕೊನೆಗೆ ಅಂದಾಜಿನ ಮೇಲೆ 10,000 ಸಿಕ್ಕಿತು. ಗಾಯದ ಎದುರು ಇದು ಸಣ್ಣದೆಂದು ಅವರು ಭಾವಿಸಿರಬಹುದು. ಸೈಕಲ್ ತುಳಿಯುವವರಿಗೆ ಅದು ಸಣ್ಣದಲ್ಲ.

ಮೂರನೆಯದು ವೈದ್ಯರ ಸಾಕ್ಷ್ಯ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರೇ ಬಂದು ನುಡಿದರೆ ತೂಕ ಹೆಚ್ಚು. ಅವರು ಬರುವುದಿಲ್ಲವೆಂಬುದು ಖಚಿತವಾಗಲು ಎಂಟು ತಿಂಗಳು ಹಿಡಿಯಿತು. ಆಮೇಲೆ ಬೇರೊಬ್ಬ ಮೂಳೆ ತಜ್ಞರಿಂದ ಪರೀಕ್ಷೆ ಮಾಡಿಸಿ ಸಾಕ್ಷ್ಯ ಹೇಳಿಸಬೇಕಾಯಿತು. ಚಿಕಿತ್ಸೆ ಕೊಡದವರು ಶೇಕಡಾವಾರನ್ನು ಹೆಚ್ಚಿಸಿ ಹೇಳುತ್ತಾರೆಂದು ವಿಮಾ ಕಂಪನಿಯ ವಕೀಲರು ಪಾಟಿ ಸವಾಲಿನಲ್ಲಿ ಅದನ್ನೇ ಹಿಡಿದರು. ಈ ಅಪಾಯವನ್ನು ಮೊದಲೇ ತಿಳಿಸಿದ್ದರೆ ನಾನೇ ಹೋಗಿ ಆ ವೈದ್ಯರನ್ನು ಕೇಳಿಕೊಳ್ಳುತ್ತಿದ್ದೆ.

ಲೋಕ ಅದಾಲತ್ತಿನ ಸಂದರ್ಭದಲ್ಲಿ ಅವರು ನಡೆದುಕೊಂಡ ರೀತಿ ನನಗೆ ಬಹಳ ಹಿಡಿಸಿತು. ವಿಮಾ ಕಂಪನಿಯವರು 3,25,000ಕ್ಕೆ ರಾಜಿಗೆ ಬಂದಿದ್ದರು. ಅಲ್ಲಿ ಒಪ್ಪಿದರೆ ಹಣ ಬೇಗ ಬರುತ್ತದೆ, ಆದರೆ ಆ ಐತೀರ್ಪೇ (ಪರಿಹಾರದ ಆದೇಶವೇ) ಅಂತಿಮ, ಅದರ ಮೇಲೆ ಮೇಲ್ಮನವಿ ಇಲ್ಲ. ಒಪ್ಪದಿದ್ದರೆ ಇನ್ನೂ ಒಂದು ವರ್ಷವಾದರೂ ಹಿಡಿಯಬಹುದು, ಹೆಚ್ಚೇ ಬರುತ್ತದೆಂದು ಹೇಳಲಾಗದು ಎಂದು ಎರಡೂ ಬದಿಯನ್ನು ಹೇಳಿ, "ಮನೆಯಲ್ಲಿ ಮಾತಾಡಿಕೊಂಡು ಬರ್ರಿ, ನಾನು ಒತ್ತಾಯ ಮಾಡಂಗಿಲ್ಲ" ಎಂದರು. ಸಾಲದವರು ಬಾಗಿಲಿಗೆ ಬರುತ್ತಿದ್ದ ಕಾಲ ಅದು. ನಾನು ಒಪ್ಪಿಬಿಡುವ ಮನಸ್ಸು ಮಾಡಿದ್ದೆ. ಬೇಡವೆಂದವಳು ಹೆಂಡತಿ; ಪ್ಲೇಟು ತೆಗೆಸುವ ಶಸ್ತ್ರಚಿಕಿತ್ಸೆಯ ಲೆಕ್ಕವೇ ಅದರಲ್ಲಿ ಇಲ್ಲವೆಂದು ಆಕೆ ತೋರಿಸಿಕೊಟ್ಟಳು. ಗಾಯ ಪೂರ್ತಿ ವಾಸಿಯಾಗಿ, ದುಡಿಮೆಗೆ ಊನವಿಲ್ಲದವರಿಗೆ ಲೋಕ ಅದಾಲತ್ತೇ ಒಳ್ಳೆಯ ದಾರಿ ಎಂದು ಈಗಲೂ ನನ್ನ ಅಭಿಪ್ರಾಯ.

ಕಾರು ಓಡಿಸಿದವರು ಈ ನಡುವೆ ಕ್ರಿಮಿನಲ್ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದರು. ಅಂದಿನ ಭಾರತೀಯ ದಂಡ ಸಂಹಿತೆಯ 279 ಮತ್ತು 338ನೆಯ ಕಲಮುಗಳ ಅಡಿ ಆ ಪ್ರಕರಣ. 2024ರ ಜುಲೈ 1ರ ನಂತರದ ಅಪಘಾತಗಳಿಗೆ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125ನೆಯ ಕಲಮುಗಳು ಬರುತ್ತವೆ. ಆ ತೀರ್ಪಿನ ನಕಲನ್ನೂ ವಕೀಲರು ತಪ್ಪದೆ ಹಾಜರುಪಡಿಸಿದರು.

2025ರ ಜುಲೈನಲ್ಲಿ ಐತೀರ್ಪು ಬಂತು. ವೈದ್ಯರು ಬಲಗೈಗೆ ಶೇ. 36ರ ಊನವೆಂದು ಹೇಳಿದ್ದರು; ಅದರ ಮೂರನೆಯ ಒಂದು ಭಾಗವನ್ನು, ಅಂದರೆ ಶೇ. 12ನ್ನು, ನ್ಯಾಯಮಂಡಳಿ ಒಟ್ಟು ದುಡಿಮೆಯ ನಷ್ಟವೆಂದು ಹಿಡಿಯಿತು. ತಿಂಗಳಿಗೆ 20,000 ರೂಪಾಯಿ ಆದಾಯ. ಸ್ವಂತ ಕಸುಬಿನವರಿಗೆ 40ರಿಂದ 50ರ ವಯಸ್ಸಿನಲ್ಲಿ ಮುಂದಿನ ಏಳಿಗೆಗೆಂದು ಸೇರಿಸುವ ಶೇ. 25, 41ರಿಂದ 45ರ ವಯೋಮಾನಕ್ಕೆ ಸರ್ವೋಚ್ಚ ನ್ಯಾಯಾಲಯ 2009ರ ಸರಳಾ ವರ್ಮಾ ಪ್ರಕರಣದಲ್ಲಿ ಗೊತ್ತುಮಾಡಿದ 14ರ ಗುಣಕ (ವರ್ಷದ ನಷ್ಟವನ್ನು ಗುಣಿಸುವ ಸಂಖ್ಯೆ). ಹೀಗೆ ಭವಿಷ್ಯದ ದುಡಿಮೆಯ ನಷ್ಟವೇ 5,04,000 ಆಯಿತು. ಆಸ್ಪತ್ರೆಯ ಬಿಲ್ಲುಗಳು 1,46,000, ಮೂರು ತಿಂಗಳ ದುಡಿಮೆ 60,000, ನೋವು ಮತ್ತು ಯಾತನೆಗೆ 50,000, ಬದುಕಿನ ಸೌಖ್ಯದ ನಷ್ಟಕ್ಕೆ 30,000, ಪ್ಲೇಟು ತೆಗೆಸಲು 25,000, ಓಡಾಟ ಮತ್ತು ಆರೈಕೆಗೆ 15,000, ಸೈಕಲ್ಲಿಗೆ 10,000 ಎಲ್ಲ ಸೇರಿ 8,40,000. ಮುಂದಿನ ಶಸ್ತ್ರಚಿಕಿತ್ಸೆಯ ಮೊತ್ತವನ್ನು ಬಿಟ್ಟು ಉಳಿದದ್ದಕ್ಕೆ ಅರ್ಜಿಯ ದಿನದಿಂದ ಶೇ. 6ರ ಬಡ್ಡಿ.

ಶೇ. 12 ನನಗೆ ಕಡಿಮೆಯೆನಿಸಿತು. ವಕೀಲರು 20 ಕೇಳಿದ್ದರು, ವಿಮಾ ಕಂಪನಿ 5ಕ್ಕೆ ನಿಂತಿತ್ತು. ಈಗ ನಾನು ರೀಮನ್ನು ಎತ್ತಲಾರೆ, ಕಟಿಂಗ್ ಯಂತ್ರದ ಹತ್ತಿರ ಹೋಗುವುದಿಲ್ಲ; ಹುಡುಗನ ಸಂಬಳವೇ ನನ್ನ ದುಡಿಮೆಯ ದೊಡ್ಡ ಪಾಲನ್ನು ತಿನ್ನುತ್ತದೆ. ಉಚ್ಚ ನ್ಯಾಯಾಲಯಕ್ಕೆ 90 ದಿನಗಳಲ್ಲಿ ಮೇಲ್ಮನವಿ ಹೋಗಬಹುದಿತ್ತು. ಬೆಂಗಳೂರಿಗೆ ಓಡಾಡುವ ಚೈತನ್ಯ ಉಳಿದಿರಲಿಲ್ಲ, ಕಂಪನಿಯೂ ಮೇಲ್ಮನವಿ ಹೋಗಲಿಲ್ಲ. ಐತೀರ್ಪಿನಿಂದ 30 ದಿನಗಳೊಳಗೆ ಹಣವನ್ನು ಠೇವಣಿ ಮಾಡಬೇಕೆಂದು ಕಾಯ್ದೆ ಹೇಳುತ್ತದೆ. ನನ್ನದು ಮೂರನೆಯ ತಿಂಗಳಲ್ಲಿ ಬಂತು, ಅದೂ ವಕೀಲರು ವಸೂಲಿಯ ಅರ್ಜಿ ಸಿದ್ಧಪಡಿಸಿ ಕಂಪನಿಯ ವಕೀಲರಿಗೆ ತಿಳಿಸಿದ ಮೇಲೆ. ಒಂದು ಭಾಗವನ್ನು ನ್ಯಾಯಮಂಡಳಿ ಎರಡು ವರ್ಷದ ನಿಶ್ಚಿತ ಠೇವಣಿಯಲ್ಲಿ ಇರಿಸಿ, ಉಳಿದದ್ದನ್ನು ನೇರವಾಗಿ ನನ್ನ ಬ್ಯಾಂಕ್ ಖಾತೆಗೆ ಹಾಕಿಸಿತು. ಅಂದು ವಾರ್ಡಿನಲ್ಲಿ ಆ ಖಾಲಿ ಹಾಳೆಗಳಿಗೆ ಸಹಿ ಬಿದ್ದಿದ್ದರೆ, ಬಡ್ಡಿಯನ್ನು ಬಿಟ್ಟರೂ, ಇದರಲ್ಲಿ 2,52,000 ಬೇರೆಯವರ ಕೈಸೇರುತ್ತಿತ್ತು.

ಯಾರಿಗೆ ಈ ಸೇವೆಯನ್ನು ಶಿಫಾರಸು ಮಾಡುತ್ತೇನೆ? ಗಾಯದಿಂದ ದುಡಿಮೆಗೆ ಶಾಶ್ವತ ಪೆಟ್ಟು ಬಿದ್ದವರಿಗೆ, ದಾಖಲೆಗಳಲ್ಲಿ ಎಲ್ಲಿಯೋ ತೊಡಕಿರುವವರಿಗೆ ಇಂಥ ವಕೀಲರೇ ಬೇಕು. ಶುಲ್ಕ ಕೊಡಲಾಗದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬೇಕು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು, ಸಹಾಯವಾಣಿಯ ಸಂಖ್ಯೆ 15100. ಚಿಕಿತ್ಸೆಯ ಮಟ್ಟಿಗೆ ನನ್ನ ಕಾಲದಲ್ಲಿ ಇಲ್ಲದ ಒಂದು ಅನುಕೂಲ ಈಗ ಬಂದಿದೆ: 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ, 1,50,000 ರೂಪಾಯಿ ಮಿತಿಯೊಳಗೆ ನಗದುರಹಿತ ಚಿಕಿತ್ಸೆ ಸಿಗಬೇಕು. ಅದಿದ್ದಿದ್ದರೆ ನಾವು ಕಾರಿನವರ ಮಾತಿಗೆ ಕಾಯುತ್ತ ಆ ನಾಲ್ಕು ದಿನ ಕಳೆಯುತ್ತಿರಲಿಲ್ಲ. ಡಿಕ್ಕಿ ಹೊಡೆದು ಓಡಿಹೋದ ವಾಹನ ಪತ್ತೆಯಾಗದಿದ್ದರೂ ಕೈಚೆಲ್ಲಬೇಕಿಲ್ಲ; ತೀವ್ರ ಗಾಯಕ್ಕೆ 50,000, ಸಾವಿಗೆ 2,00,000 ಸರ್ಕಾರದ ಯೋಜನೆಯಿಂದಲೇ ಬರುತ್ತದೆ.

ಪ್ರಕರಣ ಮುಗಿದ ಮೇಲೆ ವಕೀಲರು ಅರ್ಜಿ ಹಾಕಿ ನನ್ನ ಮೂಲ ದಾಖಲೆಗಳನ್ನು ನ್ಯಾಯಮಂಡಳಿಯಿಂದ ಹಿಂದಕ್ಕೆ ಪಡೆದು, ಪಟ್ಟಿ ಮಾಡಿ, ಒಂದೊಂದನ್ನೂ ಎಣಿಸಿ ಒಪ್ಪಿಸಿದರು. ಅದನ್ನು ನಾನು ಕೇಳದೆಯೇ ಮಾಡಿದರು, ಬೇರೆ ಶುಲ್ಕ ಕೇಳಲಿಲ್ಲ. ಎಕ್ಸ್‌ರೇಗಳ ಕೆಳಗೆ ಆರ್ಡರ್ ಪುಸ್ತಕವಿತ್ತು. ಅಪಘಾತದ ಹಿಂದಿನ ಸಂಜೆ ನಾನು ಬಲಗೈಯಲ್ಲಿ ಬರೆದ 400 ಲಗ್ನಪತ್ರಿಕೆಗಳ ಆರ್ಡರಿನ ಪಕ್ಕದಲ್ಲಿ ನ್ಯಾಯಮಂಡಳಿಯ ಮುದ್ರೆಯೂ ಸಾಕ್ಷ್ಯವೆಂದು ಹಾಕಿದ ನಿಶಾನೆಯ ಸಂಖ್ಯೆಯೂ ಇವೆ. ಪ್ರೆಸ್ಸಿನಲ್ಲಿ ಈಗ ಬೇರೆ ಪುಸ್ತಕ ನಡೆಯುತ್ತಿದೆ, ಅದರ ಅಕ್ಷರ ಹುಡುಗನದು.